ಟೌನ್‌ಕ್ರೈಯರ್: ಹತ್ತು ಮಂದಿ ಸೇರಿ ರಿಲೀಸ್ ನೋಟ್ಸ್ ಬರೆಯುವ ತಂಡಗಳಿಗೆ ಎಷ್ಟು ಉಪಯೋಗ?

ಟೌನ್‌ಕ್ರೈಯರ್ ಒಂದು ಸಣ್ಣ ಕಮಾಂಡ್‌ಲೈನ್ ಸಾಧನ. ಯಾರ್ಯಾರೋ ಯಾವ್ಯಾವಾಗಲೋ ಮಾಡಿದ ಬದಲಾವಣೆಗಳ ಟಿಪ್ಪಣಿಗಳನ್ನು ಕೂಡಿಟ್ಟುಕೊಂಡು, ಬಿಡುಗಡೆಯ ದಿನ ಒಂದೇ ರಿಲೀಸ್ ನೋಟ್ಸ್ (ಸಾಫ್ಟ್‌ವೇರಿನ ಹೊಸ ಆವೃತ್ತಿಯಲ್ಲಿ ಏನೇನು ಬದಲಾಗಿದೆ ಎಂಬ ಪಟ್ಟಿ) ಮಾಡಿ ಕೊಡುತ್ತದೆ. ಪೈಥಾನ್‌ನಲ್ಲಿ ಬರೆದದ್ದು, ಎಂಐಟಿ ಲೈಸೆನ್ಸು, ಪುಕ್ಕಟೆ. ಪೈಥಾನ್‌ನ ನೆಟ್‌ವರ್ಕ್ ಲೈಬ್ರರಿಯಾದ ಟ್ವಿಸ್ಟೆಡ್ ಯೋಜನೆಯವರು ತಮ್ಮ ಅಗತ್ಯಕ್ಕೆ ಮಾಡಿಕೊಂಡಿದ್ದು, ಈಗ ಪಿಪ್ (ಪೈಥಾನ್ ಪ್ಯಾಕೇಜುಗಳನ್ನು ಹಾಕಿಕೊಡುವ ಸಾಧನ), ಪೈಟೆಸ್ಟ್‌ನಂಥ ದೊಡ್ಡ ಯೋಜನೆಗಳಲ್ಲೂ ಇದೆ. ಹುಬ್ಬಳ್ಳಿ-ಧಾರವಾಡದ ಕಡೆ ಕಾಲೇಜು ಹುಡುಗರು, ಒಬ್ಬಿಬ್ಬರು ಕೆಲಸದಲ್ಲಿರುವ ಪ್ರೋಗ್ರಾಮರುಗಳು, ಗದಗಿನ ಪ್ರೆಸ್ಸಿನ ಡಿಟಿಪಿಯವರು ಹೀಗೆ ಕೂಡಿದ ಸ್ವಯಂಸೇವಕ ತಂಡ ನಿಮ್ಮದಾಗಿದ್ದರೆ ಇದನ್ನು ಹಾಕಿಕೊಳ್ಳಿ ಎಂದೇ ನಮ್ಮ ಸಲಹೆ. ನೋಟ್ಸ್ ಬರೆಸುವ ತಾಪತ್ರಯ ಇದರಿಂದ ಮುಕ್ಕಾಲುಪಾಲು ತಪ್ಪುತ್ತದೆ. ತಿದ್ದುವ ಕೆಲಸ ಮಾತ್ರ ಮೊದಲಿನಷ್ಟೇ ಉಳಿಯುತ್ತದೆ, ಅದನ್ನು ಮೊದಲೇ ತಿಳಿದುಕೊಂಡಿರಿ.

ಇಂಥ ಸಾಧನ ಯಾಕೆ ಬೇಕು ಅನ್ನುವವರಿಗೆ: ಹೆಚ್ಚಿನ ತಂಡಗಳು ಬದಲಾವಣೆಗಳನ್ನು ಬರೆದಿಡಲು ಚೇಂಜ್‌ಲಾಗ್ ಎಂಬ ಒಂದೇ ಫೈಲು ಇಟ್ಟಿರುತ್ತವೆ. ಐದು ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ತೆರೆದಿವೆ, ಐದೂ ಅದೇ ಫೈಲಿನ ಅದೇ ತಲೆಬರಹದ ಕೆಳಗೆ ಒಂದೊಂದು ಸಾಲು ಸೇರಿಸಿವೆ. ಎರಡು ಸಾಲು ಒಂದೇ ಜಾಗಕ್ಕೆ ಬಂದರೆ ಯಾವುದು ಮೇಲೆ, ಯಾವುದು ಕೆಳಗೆ ಎಂದು ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ಗೆ ಗೊತ್ತಾಗುವುದಿಲ್ಲ. ಮೊದಲನೆಯದು ಮರ್ಜ್ ಆದ (ಮುಖ್ಯ ಕೋಡಿಗೆ ಸೇರಿದ) ಕೂಡಲೇ ಉಳಿದ ನಾಲ್ಕಕ್ಕೂ ಕಾನ್‌ಫ್ಲಿಕ್ಟ್, ಅಂದರೆ ಘರ್ಷಣೆ. ಕೋಡಿನಲ್ಲಿ ಏನೂ ಜಗಳವಿಲ್ಲ, ಜಗಳವೆಲ್ಲ ನೋಟ್ಸಿನದು. ಹೊಸದಾಗಿ ಸೇರಿದ ಹುಡುಗ ರಿಬೇಸ್ ಮಾಡಲು (ತನ್ನ ಬದಲಾವಣೆಯನ್ನು ಹೊಸ ಕೋಡಿನ ಮೇಲೆ ಕೂಡಿಸಲು) ಹೋಗಿ ಬೇರೆಯವರ ಸಾಲು ಅಳಿಸಿ ಕೂಡುವುದು ಇಲ್ಲೇ. ಇದಕ್ಕೆ ಬೇಸತ್ತ ತಂಡಗಳು ‘ನೋಟ್ಸ್ ಕೊನೆಗೆ ಬರೆಯೋಣ’ ಅನ್ನುತ್ತವೆ. ಆ ಕೊನೆಯ ಹೊತ್ತಿಗೆ ಬದಲಾವಣೆ ಮಾಡಿದವರು ಸೆಮಿಸ್ಟರ್ ಪರೀಕ್ಷೆಯಲ್ಲಿರುತ್ತಾರೆ. ಕಮಿಟ್ ಮೆಸೇಜು (ಬದಲಾವಣೆಯನ್ನು ಗಿಟ್‌ನಲ್ಲಿ ಉಳಿಸುವಾಗ ಬರೆದ ಚುಟುಕು) ನೋಡಿ ಊಹಿಸಿ ಬರೆಯಬೇಕಾದವರು ಬಿಡುಗಡೆ ಹೊತ್ತುಕೊಂಡ ಒಬ್ಬರೇ.

ಮದುವೆಮನೆಯಲ್ಲಿ ಒಂದೇ ಮುಯ್ಯಿ ಪುಸ್ತಕದ ಮುಂದೆ ಸಾಲುಗಟ್ಟುವ ಬದಲು ಎಲ್ಲರೂ ತಮ್ಮ ತಮ್ಮ ಲಕೋಟೆ ಡಬ್ಬಿಗೆ ಹಾಕಿದಂತೆ ಟೌನ್‌ಕ್ರೈಯರ್‌ನ ಪದ್ಧತಿ. ಪ್ರತಿ ಬದಲಾವಣೆಗೆ ಪ್ರತ್ಯೇಕ ಸಣ್ಣ ಫೈಲು. ಫೈಲಿನ ಹೆಸರಿನಲ್ಲಿ ಇಶ್ಯೂ ನಂಬರು (ದೂರಿನ ಅಥವಾ ಕೆಲಸದ ಕ್ರಮಸಂಖ್ಯೆ), ಚುಕ್ಕಿ, ಆಮೇಲೆ ಇಂಗ್ಲಿಷಿನ ಸಣ್ಣಕ್ಷರದಲ್ಲಿ ಬದಲಾವಣೆಯ ಬಗೆ: ‘142.ಬಗ್‌ಫಿಕ್ಸ್’, ‘150.ಫೀಚರ್’ ಹೀಗೆ. ಒಳಗೆ ಒಂದೆರಡು ವಾಕ್ಯ. ಫೈಲು ಬೇರೆ ಬೇರೆಯಾದ್ದರಿಂದ ಕಾನ್‌ಫ್ಲಿಕ್ಟ್ ಹುಟ್ಟುವುದೇ ಇಲ್ಲ. ಇಂಥ ತುಣುಕು ಬರೆಯಲು ಇಂಟರ್ನೆಟ್ಟೂ ಬೇಡ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ಚಿಗರಿ ಬಸ್ಸಿನಲ್ಲಿ ಸೀಟು ಸಿಕ್ಕರೆ ನವನಗರ ದಾಟುವಷ್ಟರಲ್ಲಿ ಬರೆದು ಕಮಿಟ್ ಮಾಡಿಟ್ಟು, ಧಾರವಾಡ ಮುಟ್ಟಿದ ಮೇಲೆ ಪುಶ್ ಮಾಡಿದರೆ (ಸರ್ವರಿಗೆ ಕಳಿಸಿದರೆ) ನಡೆಯುತ್ತದೆ.

ಕೂಡಿಸುವುದು ಸುಲಭ. ಪಿಪ್ ಅಥವಾ ಪಿಪ್‌ಎಕ್ಸ್‌ನಿಂದ ಹಾಕಿಕೊಳ್ಳಿ. ಯೋಜನೆ ಪೈಥಾನ್‌ನದೇ ಆಗಬೇಕೆಂದಿಲ್ಲ. ಜಾವಾಸ್ಕ್ರಿಪ್ಟ್ ಆಗಿರಲಿ, ಸಿ ಆಗಿರಲಿ, ಯೋಜನೆಯ ಎಲ್ಲಕ್ಕಿಂತ ಮೇಲಿನ ಫೋಲ್ಡರಿನಲ್ಲಿ ಟೌನ್‌ಕ್ರೈಯರ್ ಹೆಸರಿನ ಟಾಮ್‌ಲ್ ಫೈಲು (ಸೆಟ್ಟಿಂಗ್ ಬರೆಯುವ ಪಠ್ಯ ಫೈಲು) ಇಟ್ಟರೆ ಸಾಕು. ಪೈಥಾನ್ ಪ್ಯಾಕೇಜ್ ಆಗಿದ್ದು ಅದರ ಹೆಸರನ್ನು ಆ ಫೈಲಿನಲ್ಲಿ ಕೊಟ್ಟಿದ್ದರೆ ಆವೃತ್ತಿಯ ನಂಬರನ್ನು ತಾನೇ ಹುಡುಕಿಕೊಳ್ಳುತ್ತದೆ, ಉಳಿದವರು ಅದೇ ಫೈಲಿನಲ್ಲಿ ಬರೆದಿಡಬೇಕು, ಇಲ್ಲವೇ ಪ್ರತಿ ಸಲ ವರ್ಶನ್ ಆಪ್ಷನ್‌ನಲ್ಲಿ ಕೊಡಬೇಕು. ತುಣುಕುಗಳಿಗೆ ಒಂದು ಫೋಲ್ಡರು, ರೂಢಿಯ ಹೆಸರು ನ್ಯೂಸ್‌ಫ್ರಾಗ್‌ಮೆಂಟ್ಸ್. ಗಿಟ್ ಖಾಲಿ ಫೋಲ್ಡರನ್ನು ಉಳಿಸಿಕೊಳ್ಳುವುದಿಲ್ಲ. ಪ್ರತಿ ಬಿಡುಗಡೆಯ ನಂತರ ತುಣುಕುಗಳೆಲ್ಲ ಅಳಿಯುವುದರಿಂದ ಫೋಲ್ಡರೂ ಮಾಯವಾಗುತ್ತದೆ. ಅದಕ್ಕೇ ಅದರೊಳಗೆ ಒಂದು ಗಿಟ್‌ಇಗ್ನೋರ್ ಫೈಲು (ಯಾವುದನ್ನು ಬಿಡಬೇಕೆಂದು ಗಿಟ್‌ಗೆ ಹೇಳುವ ಫೈಲು) ಇಟ್ಟು, ಆ ಫೈಲನ್ನೇ ಬಿಡಬೇಡ ಎಂದು ಅದರಲ್ಲಿ ಒಂದು ಸಾಲು ಬರೆದಿಡಿ.

ಇನ್ನು ಚೇಂಜ್‌ಲಾಗ್ ಫೈಲಿನಲ್ಲಿ ಗುರುತಿನ ಸಾಲು. ಮಾರ್ಕ್‌ಡೌನ್ ಆದರೆ ಎಚ್‌ಟಿಎಂಎಲ್ ಕಾಮೆಂಟ್ ರೂಪದಲ್ಲಿ, ‘ಟೌನ್‌ಕ್ರೈಯರ್ ರಿಲೀಸ್ ನೋಟ್ಸ್ ಸ್ಟಾರ್ಟ್’ ಎಂದು ಇಂಗ್ಲಿಷಿನಲ್ಲಿ. ಹೊಸ ಬಿಡುಗಡೆಯ ನೋಟ್ಸ್ ಈ ಸಾಲಿನ ಕೆಳಗೆ ಬಂದು ಕೂಡುತ್ತವೆ. ಸಾಲು ಮರೆತರೆ ಎರರ್ ಏನೂ ಬರುವುದಿಲ್ಲ, ನೋಟ್ಸ್ ಫೈಲಿನ ನೆತ್ತಿಯ ಮೇಲೆ, ಮುಖ್ಯ ಶೀರ್ಷಿಕೆಗೂ ಮೇಲೆ ಹೋಗಿ ಕೂಡುತ್ತವೆ. ‘ಇದೇನು ಹಿಂಗ’ ಎಂದು ಕೇಳುವವರಲ್ಲಿ ಹೆಚ್ಚಿನವರ ತೊಂದರೆ ಇದೊಂದೇ.

ಬಗೆಗಳು ಹುಟ್ಟಿನಿಂದ ಐದು: ಫೀಚರ್, ಬಗ್‌ಫಿಕ್ಸ್, ಡಾಕ್, ರಿಮೂವಲ್, ಮಿಸ್ಕ್. ಮಿಸ್ಕ್ ತುಣುಕಿನೊಳಗೆ ನೀವು ಏನೇ ಬರೆದರೂ ನೋಟ್ಸಿನಲ್ಲಿ ಬರುವುದು ಇಶ್ಯೂ ನಂಬರು ಮಾತ್ರ. ಟೆಸ್ಟ್ ಸರಿಮಾಡಿದೆ, ಫೋಲ್ಡರ್ ಹೆಸರು ಬದಲಿಸಿದೆ ಎಂಬಂಥ, ಬಳಸುವವರಿಗೆ ಬೇಡದ ಸಂಗತಿಗಳಿಗೆ ಅದು. ಬಗೆಗಳ ತಲೆಬರಹ ಕನ್ನಡದಲ್ಲಿ ಬೇಕೆಂದರೆ ಟಾಮ್‌ಲ್ ಫೈಲಿನಲ್ಲಿ ನಿಮ್ಮದೇ ಬಗೆಗಳನ್ನು ಬರೆಯಬಹುದು, ‘ಹೊಸ ಸೌಲಭ್ಯ’, ‘ಸರಿಪಡಿಸಿದ್ದು’, ‘ಕೈಬಿಟ್ಟಿದ್ದು’ ಹೀಗೆ. ಇಲ್ಲೊಂದು ಕೊಕ್ಕೆ ಇದೆ: ಒಂದೇ ಒಂದು ಬಗೆ ಬರೆದರೂ ಹುಟ್ಟಿನ ಐದೂ ಹಾರಿಹೋಗುತ್ತವೆ. ಬೇಕಾದವನ್ನೆಲ್ಲ ಮತ್ತೆ ಬರೆಯಬೇಕು. ನಮ್ಮ ಅಭಿಪ್ರಾಯದಲ್ಲಿ ಐದಕ್ಕೆ ಇನ್ನೊಂದು ಸೇರಿಸುವುದು ಒಳ್ಳೆಯದು: ‘ಅಪ್‌ಡೇಟ್ ಮಾಡುವ ಮುನ್ನ ಓದಿ’. ಫೈಲಿನಲ್ಲಿ ಇದನ್ನು ಎಲ್ಲಕ್ಕಿಂತ ಮೊದಲು ಬರೆದರೆ ನೋಟ್ಸಿನಲ್ಲೂ ಮೊದಲು ಬರುತ್ತದೆ. ಓದುವವರು ನಿಜವಾಗಿ ಓದುವುದು ಅದನ್ನೇ.

ದಿನನಿತ್ಯದ ಕೆಲಸಕ್ಕೆ ಮೂರು ಕಮಾಂಡ್. ಕ್ರಿಯೇಟ್ ತುಣುಕು ಹುಟ್ಟಿಸುತ್ತದೆ. ಅದೇ ಹೆಸರಿನದು ಮೊದಲೇ ಇದ್ದರೆ ಅಳಿಸದೆ 1, 2 ಎಂದು ಬಾಲ ಹಚ್ಚುತ್ತದೆ. ಇಶ್ಯೂ ಇಲ್ಲದ ಬದಲಾವಣೆಗೆ ನಂಬರಿನ ಜಾಗದಲ್ಲಿ ಪ್ಲಸ್ ಚಿಹ್ನೆ. ಚೆಕ್ ಈ ಬ್ರಾಂಚಿನಲ್ಲಿ (ಕೋಡಿನ ಕವಲಿನಲ್ಲಿ) ತುಣುಕು ಇದೆಯೇ ಎಂದು ಮುಖ್ಯ ಬ್ರಾಂಚಿಗೆ ಹೋಲಿಸಿ ನೋಡುತ್ತದೆ, ಇಲ್ಲದಿದ್ದರೆ ಫೇಲ್. ಬಿಲ್ಡ್ ಎಲ್ಲವನ್ನೂ ಕೂಡಿಸಿ ಚೇಂಜ್‌ಲಾಗ್‌ಗೆ ಬರೆದು, ತುಣುಕುಗಳನ್ನು ಅಳಿಸಲೇ ಎಂದು ಕೇಳುತ್ತದೆ. ಹೂಂ ಅಂದರೆ ಗಿಟ್‌ನಿಂದಲೂ ತೆಗೆಯುತ್ತದೆ, ಆದರೆ ಕಮಿಟ್ ಮಾಡುವುದಿಲ್ಲ. ಅದು ನಿಮ್ಮ ಕೈಯಲ್ಲೇ. ಬಿಲ್ಡ್‌ಗೆ ಡ್ರಾಫ್ಟ್ ಆಪ್ಷನ್ ಹಚ್ಚಿದರೆ ಏನನ್ನೂ ಮುಟ್ಟದೆ ಸ್ಕ್ರೀನಿನ ಮೇಲಷ್ಟೇ ತೋರಿಸುತ್ತದೆ.

ಈ ಚೆಕ್ ಕಮಾಂಡೇ ಸಾಧನದ ಜೀವ ಎನ್ನಬೇಕು. ಕೋಡ್ ಇಡುವ ಜಾಲತಾಣ ಗಿಟ್‌ಹಬ್‌ನಲ್ಲಿ ತಾನಾಗಿ ಪರೀಕ್ಷೆ ನಡೆಸುವ ವ್ಯವಸ್ಥೆಯಾದ ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ಹಾಕಿಟ್ಟರೆ ತುಣುಕು ಇಲ್ಲದ ಪುಲ್ ರಿಕ್ವೆಸ್ಟಿಗೆ ಕೆಂಪು ಗುರುತು ಬೀಳುತ್ತದೆ. ‘ನೋಟ್ ಬರೀರಿ’ ಎಂದು ಹಿರಿಯರು ಕಿರಿಯರ ಬೆನ್ನು ಹತ್ತುವುದು ನಿಲ್ಲುತ್ತದೆ, ಮುನಿಸೂ ಇಲ್ಲ, ಯಂತ್ರದ ಮೇಲೆ ಯಾರು ಸಿಟ್ಟಾಗುತ್ತಾರೆ? ಹಾಕುವಾಗ ಮಾತ್ರ ಒಂದು ಎಚ್ಚರ: ಆಕ್ಷನ್ಸ್‌ನ ಚೆಕ್‌ಔಟ್ ಹಂತ ತಾನಾಗಿ ಕೊನೆಯ ಒಂದೇ ಕಮಿಟ್ ಇಳಿಸಿಕೊಳ್ಳುತ್ತದೆ. ಹೋಲಿಸಲು ಮುಖ್ಯ ಬ್ರಾಂಚ್ ಅಲ್ಲಿ ಇರುವುದೇ ಇಲ್ಲ, ಚೆಕ್ ಅರ್ಥವಾಗದ ಎರರ್ ಕೊಟ್ಟು ಬೀಳುತ್ತದೆ. ಫೆಚ್ ಡೆಪ್ತ್ ಅನ್ನು 0 ಮಾಡಿದರೆ ಪೂರ್ತಿ ಇತಿಹಾಸ ಬರುತ್ತದೆ, ತೊಂದರೆ ಹೋಗುತ್ತದೆ. ಕಾಗುಣಿತ ತಿದ್ದಿದ್ದಕ್ಕೂ ತುಣುಕು ಕೇಳಿದರೆ ಜನ ಬೇಸರಪಡುತ್ತಾರೆ. ‘ನೋಟ್ಸ್ ಬೇಡ’ ಎಂಬ ಲೇಬಲ್ ಇದ್ದರೆ ಚೆಕ್ ಬಿಟ್ಟುಬಿಡುವಂತೆ ಒಂದು ಷರತ್ತು ಸೇರಿಸಿ.

ಇನ್ನು ತುಣುಕಿನೊಳಗೆ ಏನು ಬರೆಯುವುದು ಎಂಬ ಮಾತು. ಇದರಲ್ಲಿ ಟೌನ್‌ಕ್ರೈಯರ್ ಏನೂ ಸಹಾಯ ಮಾಡುವುದಿಲ್ಲ. ನುಡಿ ಅಕ್ಷರದ ಹಳೆಯ ಫೈಲುಗಳನ್ನು ಯೂನಿಕೋಡಿಗೆ ತಿರುಗಿಸುವ ಸಾಫ್ಟ್‌ವೇರ್ ಒಂದಿದೆ ಎಂದುಕೊಳ್ಳಿ. ನುಡಿಯ ಹಳೆಯ ವಿಧಾನದಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಜಾಗದಲ್ಲಿ, ಅಂದರೆ ವ್ಯಂಜನದ ನಂತರ ಕೂಡುತ್ತದೆ. ಯೂನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ಜಾಗ ಬದಲಿಸದೆ ತಿರುಗಿಸಿದರೆ ‘ಕರ್ನಾಟಕ’ ಹೋಗಿ ‘ಕನಾರ್ಟಕ’, ‘ವರ್ಷ’ ಹೋಗಿ ‘ವಷರ್’ ಆಗುತ್ತದೆ. ಅಂತರ್ಜಾಲದಲ್ಲಿ ಇಂಥವನ್ನು ನೋಡದ ಕನ್ನಡಿಗರಿಲ್ಲ. ಇದನ್ನು ಸರಿಮಾಡಿದ ಹುಡುಗ ಬರೆಯುವ ತುಣುಕು ಸಾಮಾನ್ಯವಾಗಿ ಹೀಗಿರುತ್ತದೆ:

‘ಅರ್ಕಾವತ್ತಿನ ರೀಆರ್ಡರಿಂಗ್ ಲಾಜಿಕ್ ಸರಿಪಡಿಸಲಾಗಿದೆ.’

ಗದಗಿನ ಪ್ರೆಸ್ಸಿನಲ್ಲಿ ಕೂತು ಪಠ್ಯಪುಸ್ತಕದ ಪುಟ ಕಟ್ಟುವವರಿಗೆ ಇದರಿಂದ ಏನು ತಿಳಿಯಿತು? ಏನೂ ಇಲ್ಲ. ಅವರಿಗೆ ಬೇಕಾದ್ದು ಇದು:

‘ನುಡಿಯಿಂದ ಯೂನಿಕೋಡಿಗೆ ತಿರುಗಿಸಿದಾಗ “ಕರ್ನಾಟಕ” ಎಂಬುದು “ಕನಾರ್ಟಕ” ಆಗುತ್ತಿತ್ತು, ಈಗ ಸರಿಯಾಗಿ ಬರುತ್ತದೆ. ಹಿಂದಿನ ಆವೃತ್ತಿಯಲ್ಲಿ ತಿರುಗಿಸಿಟ್ಟ ಫೈಲುಗಳು ತಾವಾಗಿ ಸರಿಹೋಗುವುದಿಲ್ಲ. ಮೂಲ ನುಡಿ ಫೈಲಿನಿಂದ ಮತ್ತೊಮ್ಮೆ ತಿರುಗಿಸಿಕೊಳ್ಳಿ.’

ಏನು ಕೆಟ್ಟಿತ್ತು, ಈಗ ಹೇಗಿದೆ, ನಾನೇನು ಮಾಡಬೇಕು. ಈ ಮೂರು ಇದ್ದರೆ ತುಣುಕು ಪಾಸು. ಪುಲ್ ರಿಕ್ವೆಸ್ಟ್ ನೋಡುವವರು ಕೋಡಿನಷ್ಟೇ ತುಣುಕನ್ನೂ ನೋಡಬೇಕು. ಹತ್ತು ಕೈಯ ಬರಹ ಹತ್ತು ಧಾಟಿಯಲ್ಲಿರುವುದು ಸಹಜ: ಒಬ್ಬರು ‘ಸರಿಪಡಿಸಲಾಗಿದೆ’, ಇನ್ನೊಬ್ಬರು ‘ಸರಿಮಾಡಿದ್ದೇವೆ’, ಮತ್ತೊಬ್ಬರು ಬರೀ ‘ಫಿಕ್ಸ್’. ಬಿಡುಗಡೆಗೆ ಒಂದು ವಾರ ಇರುವಾಗ ಒಬ್ಬರು ಕೂತು ಎಲ್ಲ ತುಣುಕುಗಳನ್ನು ಒಂದು ಹದಕ್ಕೆ ತರಬೇಕು.

ಹೆಚ್ಚಿನ ತಂಡಗಳು ಎಡವುವುದು ಇಲ್ಲೇ. ಡ್ರಾಫ್ಟ್ ತೆಗೆದು, ಈಥರ್‌ಪ್ಯಾಡ್, ಹೆಡ್ಜ್‌ಡಾಕ್‌ನಂಥ ಆನ್‌ಲೈನ್ ಪ್ಯಾಡಿನಲ್ಲಿ ಹಾಕಿ ಎಲ್ಲರೂ ಸೇರಿ ತಿದ್ದುತ್ತಾರೆ. ನೋಡಲು ಛಲೋ. ಆದರೆ ಪ್ಯಾಡಿನ ತಿದ್ದುಪಡಿ ತುಣುಕಿಗೆ ವಾಪಸ್ ಹೋಗುವ ದಾರಿ ಇಲ್ಲ. ಎರಡು ದಿನದ ಮೇಲೆ ಇನ್ನೆರಡು ಪುಲ್ ರಿಕ್ವೆಸ್ಟ್ ಸೇರಿದವೆಂದು ಮತ್ತೆ ಡ್ರಾಫ್ಟ್ ತೆಗೆದರೆ ಹಳೆಯ ತಪ್ಪುಗಳೆಲ್ಲ ಮತ್ತೆ ಹಾಜರು. ನಿಯಮ ಒಂದೇ ಇರಲಿ: ಬಿಲ್ಡ್ ಆಗುವವರೆಗೆ ತಿದ್ದುವುದು ತುಣುಕಿನಲ್ಲೇ, ಬಿಲ್ಡ್ ಆದಮೇಲೆ ತಿದ್ದುವುದು ಚೇಂಜ್‌ಲಾಗ್‌ನಲ್ಲೇ. ಪ್ಯಾಡ್ ಬೇಕೇ ಬೇಕೆಂದರೆ ಚರ್ಚೆಗೆ ಮಾತ್ರ.

ಗಿಟ್ ಗೊತ್ತಿಲ್ಲದವರನ್ನು ಹೊರಗಿಡುತ್ತದೆ ಎಂಬುದು ನಮ್ಮ ದೊಡ್ಡ ತಕರಾರು. ಪರೀಕ್ಷೆ ಮಾಡಿ ತಪ್ಪು ಹುಡುಕುವ ಡಿಟಿಪಿಯವರು, ಶಾಲೆಯ ಮಾಸ್ತರರು ತುಣುಕು ಬರೆಯಲಾರರು. ನೋಟ್ಸ್ ಚೆನ್ನಾಗಿ ಬರೆಯಬಲ್ಲವರು ಅವರೇ, ಯಾಕೆಂದರೆ ತೊಂದರೆ ಅನುಭವಿಸಿದವರು ಅವರು. ಲಿಬ್ರೆಆಫೀಸ್‌ನವರು ರಿಲೀಸ್ ನೋಟ್ಸನ್ನು ವಿಕಿಯಲ್ಲಿ ಬರೆಯುತ್ತಾರೆ, ಖಾತೆ ಇದ್ದರೆ ಬೇರೆಯವರೂ ಕೈಹಾಕಬಹುದು. ಆ ಅನುಕೂಲ ಇಲ್ಲಿಲ್ಲ. ಅದಕ್ಕೊಂದು ಉಪಾಯ: ಇಶ್ಯೂ ತೆರೆಯುವ ನಮೂನೆಯಲ್ಲಿ ‘ಇದು ಸರಿಹೋದರೆ ಬಳಸುವವರಿಗೆ ಏನೆಂದು ಹೇಳಬೇಕು?’ ಎಂಬ ಒಂದು ಖಾನೆ ಇಡಿ. ಅವರು ಬರೆದ ಎರಡು ಸಾಲನ್ನು ಕೋಡ್ ಬರೆಯುವವರು ತುಣುಕಿಗೆ ಎತ್ತಿಕೊಳ್ಳಲಿ.

ಲ್ಯಾಪ್‌ಟಾಪ್ ಇಲ್ಲದವರು ಮೊಬೈಲಿನ ಬ್ರೌಸರಿನಲ್ಲಿ ಗಿಟ್‌ಹಬ್ ತೆರೆದು ಹೊಸ ಫೈಲು ಸೇರಿಸಬಹುದು. ಆದರೆ ಕೆಲವು ಮೊಬೈಲ್ ಕೀಬೋರ್ಡುಗಳು ಚುಕ್ಕಿಯ ನಂತರ ತಾವೇ ಜಾಗ ಬಿಡುತ್ತವೆ, ಮುಂದಿನ ಅಕ್ಷರವನ್ನು ದೊಡ್ಡದು ಮಾಡುತ್ತವೆ. ಬಗೆಯ ಹೆಸರಿನ ಮೊದಲ ಅಕ್ಷರ ದೊಡ್ಡದಾದರೆ ಟೌನ್‌ಕ್ರೈಯರ್‌ಗೆ ಅದು ಗುರುತಿಲ್ಲದ ಬಗೆ. ಹಳೆಯ ಆವೃತ್ತಿಗಳು ಇಂಥ ಫೈಲನ್ನು ಬಾಯಿಬಿಡದೆ ಬಿಟ್ಟುಬಿಡುತ್ತಿದ್ದವು, ನೋಟ್ಸಿನಲ್ಲಿ ಅದು ಬರುತ್ತಲೇ ಇರಲಿಲ್ಲ. ಈಚಿನವುಗಳಲ್ಲಿ ಚೆಕ್ ಕಮಾಂಡ್ ತಪ್ಪು ಹೆಸರನ್ನು ಹಿಡಿದು ತೋರಿಸುತ್ತದೆ. ಹೊಸದನ್ನೇ ಹಾಕಿಕೊಳ್ಳಲು ಇದೊಂದೇ ಕಾರಣ ಸಾಕು.

ಕನ್ನಡದಲ್ಲಿ ಬರೆಯುವವರಿಗೆ ಇನ್ನೆರಡು ಮಾತು. ಎರಡು ಇಶ್ಯೂಗಳಿಗೆ ಅಕ್ಷರಶಃ ಒಂದೇ ಪಠ್ಯದ ತುಣುಕು ಇದ್ದರೆ ಟೌನ್‌ಕ್ರೈಯರ್ ಎರಡನ್ನೂ ಒಂದೇ ಸಾಲು ಮಾಡಿ, ಎರಡು ನಂಬರು ಹಚ್ಚುತ್ತದೆ. ಬಹಳ ಒಳ್ಳೆಯ ಸೌಲಭ್ಯ. ಆದರೆ ಒಬ್ಬರ ಕೀಬೋರ್ಡಿನಲ್ಲಿ ‘ಸಾಫ್ಟ್‌ವೇರ್’ ಪದದ ನಡುವೆ ಕಣ್ಣಿಗೆ ಕಾಣದ ಶೂನ್ಯ ಅಗಲದ ಅಕ್ಷರ ಬಿದ್ದು, ಇನ್ನೊಬ್ಬರದರಲ್ಲಿ ಬೀಳದಿದ್ದರೆ ಎರಡೂ ಬೇರೆ ಪಠ್ಯ ಎಂದಾಗಿ ಎರಡು ಸಾಲು ಬರುತ್ತವೆ. ಒಂದೇ ಮಾತನ್ನು ಎರಡು ತುಣುಕಿಗೆ ಹಾಕುವಾಗ ಮತ್ತೆ ಟೈಪ್ ಮಾಡದೆ ಕಾಪಿ ಮಾಡಿ. ಎರಡನೆಯದು ವಿಂಡೋಸ್‌ನದು. ಡ್ರಾಫ್ಟ್ ಅನ್ನು ಸ್ಕ್ರೀನಿಗೆ ಬಿಡದೆ ಫೈಲಿಗೆ ತಿರುಗಿಸಿದರೆ ಪೈಥಾನ್ ಹಳೆಯ ಎನ್‌ಕೋಡಿಂಗ್ ಹಿಡಿದು ಯೂನಿಕೋಡ್ ಎರರ್ ಕೊಡಬಹುದು. ಪೈಥಾನ್‌ಯುಟಿಎಫ್8 ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ಲಿಗೆ 1 ಕೊಟ್ಟರೆ ಸರಿಹೋಗುತ್ತದೆ.

ಇಂಗ್ಲಿಷ್, ಕನ್ನಡ ಎರಡರಲ್ಲೂ ನೋಟ್ಸ್ ಬೇಕೆಂದರೆ? ನೇರವಾದ ಸೌಲಭ್ಯ ಇಲ್ಲ. ಎರಡು ಫೋಲ್ಡರು, ಎರಡು ಟಾಮ್‌ಲ್ ಫೈಲು ಇಟ್ಟು, ಕಾನ್ಫಿಗ್ ಆಪ್ಷನ್‌ನಿಂದ ಎರಡು ಸಲ ಬಿಲ್ಡ್ ಮಾಡಬಹುದು. ನಡೆಯುತ್ತದೆ, ಆದರೆ ಪ್ರತಿಯೊಬ್ಬರೂ ಎರಡು ಭಾಷೆಯಲ್ಲಿ ಬರೆಯಬೇಕೆಂದರೆ ಇರುವ ನಾಲ್ಕು ಜನವೂ ಓಡಿಹೋದಾರು. ಒಂದು ಭಾಷೆಯಲ್ಲಿ ತುಣುಕು ಬರೆಸಿ, ಬಿಡುಗಡೆಗೆ ಐದಾರು ದಿನ ಮುಂಚೆ ಬಿಲ್ಡ್ ಮಾಡಿ ನಿಲ್ಲಿಸಿ, ಆ ಪಠ್ಯವನ್ನು ಪಿಒ4ಎ ಸಾಧನದಿಂದ ಪಿಒ ಫೈಲು (ಮೂಲ, ಅನುವಾದ ಜೋಡಿಯಾಗಿರುವ ಫೈಲು) ಮಾಡಿ ಅನುವಾದಕರಿಗೆ ಕೊಡುವುದು ವಾಸಿ. ಆ ಐದಾರು ದಿನ ನೋಟ್ಸ್ ಬದಲಿಸಬಾರದು, ಅದೇ ಕಷ್ಟ.

ಸಣ್ಣ ಕೊರತೆಗಳೂ ಇವೆ. ಒಂದು ಬಗೆಯೊಳಗೆ ಸಾಲುಗಳು ಇಶ್ಯೂ ನಂಬರಿನ ಪ್ರಕಾರ ಬರುತ್ತವೆ, ಮಹತ್ವದ ಪ್ರಕಾರ ಅಲ್ಲ. ದೊಡ್ಡ ಸುದ್ದಿ ಮೇಲೆ ಬೇಕೆಂದರೆ ಬಿಲ್ಡ್ ಆದಮೇಲೆ ಕೈಯಿಂದ ಎತ್ತಿಡಬೇಕು. ಕೆಲಸ ಮಾಡಿದವರ ಹೆಸರನ್ನು ಅದು ಹಾಕುವುದಿಲ್ಲ. ಸಂಬಳವಿಲ್ಲದೆ ದುಡಿಯುವವರಿಗೆ ಹೆಸರೊಂದೇ ಸಿಗುವುದು, ಅದನ್ನು ಬಿಡಬೇಡಿ. ಗಿಟ್‌ನ ಶಾರ್ಟ್‌ಲಾಗ್ ಕಮಾಂಡಿಗೆ ಹಿಂದಿನ ಟ್ಯಾಗ್‌ನಿಂದ (ಹಿಂದಿನ ಬಿಡುಗಡೆಯ ಗುರುತಿನಿಂದ) ಇಂದಿನವರೆಗೆ ಎಂದು ಹೇಳಿದರೆ ಕಮಿಟ್ ಮಾಡಿದವರ ಪಟ್ಟಿ ಬರುತ್ತದೆ. ತಪ್ಪು ಹುಡುಕಿಕೊಟ್ಟವರ ಹೆಸರು ಅದರಲ್ಲಿ ಇರುವುದಿಲ್ಲ, ಅವರ ಒಪ್ಪಿಗೆ ಕೇಳಿ ತುಣುಕಿನ ಕೊನೆಗೇ ಬರೆಯುವ ರೂಢಿ ಮಾಡಿಕೊಳ್ಳಿ.

ಬೇರೆ ಆಯ್ಕೆಗಳ ಬಗ್ಗೆ: ಗಿಟ್‌ಹಬ್ ತಾನೇ ಮಾಡಿಕೊಡುವ ನೋಟ್ಸ್ ಮುಖ್ಯವಾಗಿ ಪುಲ್ ರಿಕ್ವೆಸ್ಟುಗಳ ಶೀರ್ಷಿಕೆಯ ಪಟ್ಟಿ. ಕೋಡ್ ಬರೆಯುವವರಿಗೆ ಸಾಕು, ಪ್ರೆಸ್ಸಿನವರಿಗೆ ಬೇಡ. ಕ್ಲೌಡ್ ಸಾಫ್ಟ್‌ವೇರ್ ಯೋಜನೆ ಓಪನ್‌ಸ್ಟ್ಯಾಕ್‌ನವರ ರೀನೋ ಮಾತ್ರ ನಿಜವಾದ ಪೈಪೋಟಿ. ಅದರ ತುಣುಕುಗಳು ಯಾಮಲ್ ಎಂಬ ಕಟ್ಟುನಿಟ್ಟಿನ ಪಠ್ಯ ರೂಪದ ಫೈಲುಗಳು, ಎಂದೂ ಅಳಿಯುವುದಿಲ್ಲ. ಯಾವ ತುಣುಕು ಯಾವ ಬಿಡುಗಡೆಗೆ ಸೇರಿತು ಎಂಬುದನ್ನು ಗಿಟ್ ಟ್ಯಾಗ್‌ಗಳಿಂದಲೇ ಕಂಡುಕೊಳ್ಳುತ್ತದೆ. ಹಳೆಯ ಆವೃತ್ತಿಗೂ ತಿದ್ದುಪಡಿ ಕೊಡುತ್ತಾ ಎರಡು ಬ್ರಾಂಚ್ ಸಾಕುವವರಿಗೆ ರೀನೋ ಹಗುರ. ಟೌನ್‌ಕ್ರೈಯರ್‌ನಲ್ಲಿ ಹಳೆಯ ಬ್ರಾಂಚಿನಿಂದ ಬಿಡುಗಡೆ ಮಾಡಿದಾಗ ತುಣುಕು ಅಲ್ಲಿ ಮಾತ್ರ ಅಳಿಯುತ್ತದೆ, ಮುಖ್ಯ ಬ್ರಾಂಚಿನಲ್ಲಿ ಉಳಿದುಕೊಂಡು ಮುಂದಿನ ಬಿಡುಗಡೆಯಲ್ಲಿ ಎರಡನೇ ಸಲ ಬರುತ್ತದೆ. ಬಿಡುಗಡೆಯಾದ ದಿನವೇ ಆ ಚೇಂಜ್‌ಲಾಗ್ ಕಮಿಟನ್ನು ಮುಖ್ಯ ಬ್ರಾಂಚಿಗೂ ತಂದು, ಅಲ್ಲಿನ ತುಣುಕುಗಳನ್ನು ತೆಗೆದುಬಿಡಬೇಕು.

ಯಾಮಲ್‌ನಲ್ಲಿ ಒಂದು ಜಾಗ ಹೆಚ್ಚುಕಡಿಮೆಯಾದರೂ ಫೈಲು ಕೆಡುತ್ತದೆ, ಹೊಸಬರಿಗೆ ಅದು ತಲೆನೋವು. ಒಂದೇ ಬ್ರಾಂಚು, ಬಂದುಹೋಗುವ ಹುಡುಗರು, ವರ್ಷಕ್ಕೆರಡು ಬಿಡುಗಡೆ ಎಂಬಂಥ ತಂಡಗಳಿಗೆ ಟೌನ್‌ಕ್ರೈಯರ್‌ನ ಬರೀ ಪಠ್ಯದ ತುಣುಕೇ ಸಾಕು. ಮೊದಲ ತಿಂಗಳು ಚೆಕ್ ಹಾಕದೆ ತುಣುಕು ಬರೆಯುವ ರೂಢಿ ಮಾಡಿಸಿ, ಆಮೇಲೆ ಚೆಕ್ ಕಡ್ಡಾಯ ಮಾಡಿ. ಮುಂಚೆಯೇ ತೆರೆದಿದ್ದ ಪುಲ್ ರಿಕ್ವೆಸ್ಟುಗಳಿಗೆ ‘ನೋಟ್ಸ್ ಬೇಡ’ ಲೇಬಲ್ ಹಚ್ಚಿ ಬಿಟ್ಟುಬಿಡಿ.